ಜ್ಞಾನಯಾತ್ರೆಯ ಬುತ್ತಿ

ಯಲ್ಲಾಪುರ ತಾಲೂಕಿನ ಮಾಗೋಡಿನಲ್ಲಿ ಎರಡು ಹಂತಗಳಾಗಿ ಧುಮುಕುವ ಬೇಡ್ತಿ ನದಿಯು ಘಟ್ಟವಿಳಿದು, ಗಂಗಾವಳಿ ಎಂಬ ಹೆಸರಿನಿಂದ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಕಳೆದ ವರ್ಷ ಆ ಜಲಪಾತದ ಎದುರು ನಿಂತಿದ್ದಾಗ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ನಮ್ಮನ್ನು ಒಂದು ಪ್ರಶ್ನೆ ಕೇಳಿದನು. ಜರ್ಮನಿಯಲ್ಲಿ ಉನ್ನತ ವ್ಯಾಸಂಗ ಮಾಡಬೇಕೆಂಬುದು ಅವನ ಹಂಬಲ. ಅದಕ್ಕಾಗಿ ಹುಬ್ಬಳ್ಳಿಯಲ್ಲಿ ದುಡಿದು ಹಣ ಕೂಡಿಡುತ್ತಿದ್ದಾನೆ. “ಮೌಲಾನಾ, ಅಲ್ಲಾಹನ ಮೇಲೆ ಭರವಸೆಯಿಟ್ಟು ಹೊರಟುಬಿಡು, ವರ್ಷಗಟ್ಟಲೆ ಲೆಕ್ಕ ಹಾಕುತ್ತ ಕೂರುವುದು ತವಕ್ಕುಲ್‌ಗೆ ಕುಂದು ಎಂದು ಮನೆಯಲ್ಲಿ ಹೇಳುತ್ತಾರೆ. ನಿಜವೇ?” ಎಂದನು.

ಈ ಪ್ರಶ್ನೆಗೆ ನಮ್ಮ ಪೂರ್ವಿಕರ ಚರಿತ್ರೆಯೇ ಉತ್ತರ ಹೇಳುತ್ತದೆ.

ಯಮನ್‌ನ ಕೆಲವರು ಬುತ್ತಿಯಿಲ್ಲದೆ ಹಜ್ಜ್‌ಗೆ ಹೊರಡುತ್ತಿದ್ದರು. ‘ನಾವು ಅಲ್ಲಾಹನ ಮೇಲೆ ಭರವಸೆಯಿಟ್ಟವರು’ ಎನ್ನುತ್ತಿದ್ದ ಅವರು ಮಕ್ಕಾ ತಲುಪಿದ ಮೇಲೆ ಜನರಲ್ಲಿ ಬೇಡುತ್ತಿದ್ದರು. ಪ್ರಯಾಣಕ್ಕೆ ಬುತ್ತಿ ಕಟ್ಟಿಕೊಳ್ಳಿರಿ, ಬುತ್ತಿಗಳಲ್ಲಿ ಅತ್ಯುತ್ತಮವಾದುದು ತಖ್ವಾ ಎಂದು ಬೋಧಿಸುವ ಅಲ್‌ಬಕರಾ ಅಧ್ಯಾಯದ 197ನೇ ಸೂಕ್ತವು ಈ ಸಂದರ್ಭದಲ್ಲಿ ಅವತೀರ್ಣವಾಯಿತೆಂದು ಇಬ್ನು ಅಬ್ಬಾಸ್(ರ) ತಿಳಿಸಿದ್ದಾರೆ. ತಖ್ವಾ ಶ್ರೇಷ್ಠವೆಂದ ಮಾತ್ರಕ್ಕೆ ಬುತ್ತಿ ಬೇಡವೆಂದು ಕುರ್‌ಆನ್ ಹೇಳಲಿಲ್ಲ.

ಸಹಾಬಿ ಜಾಬಿರ್ ಬಿನ್ ಅಬ್ದುಲ್ಲಾಹ್(ರ) ಕೇವಲ ಒಂದು ಹದೀಸನ್ನು ಕೇಳುವುದಕ್ಕಾಗಿ ಒಂದು ತಿಂಗಳ ದಾರಿ ಕ್ರಮಿಸಿ ಶಾಮ್ ದೇಶಕ್ಕೆ ಹೋದರು. ಈ ಯಾತ್ರೆಯನ್ನು ನಾವು ಮಿಂಬರ್‌ಗಳಲ್ಲಿ ಮೇಲಿಂದ ಮೇಲೆ ಸ್ಮರಿಸುತ್ತೇವೆ. ಆದರೆ ಅವರು ತಮ್ಮ ವೃತ್ತಾಂತವನ್ನು ಆರಂಭಿಸುವುದೇ ಒಂಟೆಯೊಂದನ್ನು ಕೊಂಡುಕೊಂಡ ಸಂಗತಿಯಿಂದ ಎಂಬುದನ್ನು ಗಮನಿಸುವುದಿಲ್ಲ. ಜ್ಞಾನಕ್ಕೆ ಬೆಲೆ ಕಟ್ಟಲಾಗದು, ನಿಜ. ಅದರ ದಾರಿಗೆ ಮಾತ್ರ ಖರ್ಚು ಇದ್ದೇ ಇದೆ.

ಆ ಖರ್ಚು ಕೂಡಿಬರದಿದ್ದಾಗ ಏನಾಗುತ್ತದೆಂಬುದನ್ನು ಇಮಾಮ್ ಅಹ್ಮದ್ ಬಿನ್ ಹಂಬಲ್(ರ) ಬಲ್ಲರು. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡು ತಾಯಿಯ ಆಸರೆಯಲ್ಲಿ ಬಗ್ದಾದಿನಲ್ಲಿ ಬೆಳೆದ ಅವರಿಗೆ ರಯ್ ನಗರದ ಜರೀರ್ ಬಿನ್ ಅಬ್ದುಲ್ ಹಮೀದ್‌ರಲ್ಲಿ ಹದೀಸ್ ಕಲಿಯುವ ಆಸೆಯಿತ್ತು. ಜೊತೆಯವರು ಹೋದರು, ಇವರು ಉಳಿದರು. ಕೈಯಲ್ಲಿ ಕೆಲವು ದಿರ್ಹಮ್‌ಗಳಿದ್ದಿದ್ದರೆ ತಾನೂ ಹೋಗುತ್ತಿದ್ದೆನೆಂದು ಮುಂದೆ ಅವರೇ ಹೇಳಿಕೊಂಡರು. ಮುಂದೊಮ್ಮೆ ಯಮನ್‌ನ ಸನ್‌ಆಗೆ ಹೊರಟಾಗ ದಾರಿಯಲ್ಲಿ ಖರ್ಚು ಮುಗಿಯಿತು. ಅವರು ಒಂಟೆಯವರ ಬಳಿ ಕೂಲಿ ಮಾಡಿ ಗುರಿ ಮುಟ್ಟಿದರು. ಗುರುಗಳಾದ ಅಬ್ದುರ್ರಝಾಕ್‌ರು ಹಣ ನೀಡಲು ಮುಂದಾದಾಗಲೂ ವಿನಯದಿಂದ ನಿರಾಕರಿಸಿದರು.

ಇಮಾಮ್ ಸುಫ್ಯಾನ್ ಸೌರಿ(ರ)ಯವರ ತಾಯಿಯಂತೂ, ನೀನು ವಿದ್ಯೆ ಕಲಿ, ನನ್ನ ನೂಲುವ ಕದಿರಿನಿಂದ ನಿನ್ನ ಖರ್ಚನ್ನು ನಾನು ನೋಡಿಕೊಳ್ಳುವೆನು ಎಂದು ಮಗನಿಗೆ ಭರವಸೆಯಿತ್ತರು. ಹತ್ತು ಹದೀಸ್ ಬರೆದ ಮೇಲೆ ನಿನ್ನ ನಡತೆ ತಿದ್ದಿತೇ ನೋಡಿಕೋ ಎಂದೂ ಎಚ್ಚರಿಸಿದರು. ಹಣ ಕೊಟ್ಟ ಆ ಕೈಯೇ ಅದರ ಫಲವನ್ನೂ ವಿಚಾರಿಸಿತು.

ಹತ್ತಿರದ ಕಾಲಕ್ಕೆ ಬರೋಣ. ನಮ್ಮ ಉತ್ತರ ಕನ್ನಡವು ಮುಂಬಯಿ ಪ್ರಾಂತದಲ್ಲಿದ್ದ ದಿನಗಳವು. ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದಿಂದ 1913ರಲ್ಲಿ ಅಮೆರಿಕಕ್ಕೆ ಹೋದ ಡಾ. ಬಿ.ಆರ್. ಅಂಬೇಡ್ಕರರು, ವೇತನದ ಅವಧಿ ಮುಗಿದುದರಿಂದ 1917ರಲ್ಲಿ ಲಂಡನ್ನಿನ ಅಧ್ಯಯನವನ್ನು ಅರ್ಧಕ್ಕೇ ಬಿಟ್ಟು ಮರಳಬೇಕಾಯಿತು. ಅವರು ಕೈಕಟ್ಟಿ ಕೂರಲಿಲ್ಲ. ಮುಂಬಯಿಯ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ ದುಡಿದು ಸಂಬಳದಲ್ಲಿ ಉಳಿಸಿದರು. ಬೆಳಗಾವಿಗೆ ನೆರೆಯ ಕೊಲ್ಹಾಪುರದ ಶಾಹು ಮಹಾರಾಜರು ನೆರವಾದರು. ಪಾರ್ಸಿ ಮಿತ್ರ ನವಲ್ ಭಥೇನಾ 5,000 ರೂಪಾಯಿ ಸಾಲ ಕೊಟ್ಟರು. 1920ರಲ್ಲಿ ಪುನಃ ಹಡಗು ಹತ್ತಿದ ಅವರು 1923ರಲ್ಲಿ ಡಿ.ಎಸ್ಸಿ. ಪದವಿ ಪಡೆದರು. ಸ್ವಂತ ಉಳಿತಾಯ, ಹಿರಿಯರ ಸಹಾಯ, ಸ್ನೇಹಿತನ ಸಾಲ: ಈ ಮೂರೂ ಸೇರಿ ಒಬ್ಬ ವಿದ್ವಾಂಸನನ್ನು ದಡ ಮುಟ್ಟಿಸಿದವು.

ನಮ್ಮ ಕರಾವಳಿಗೂ ಇಂತಹ ಪರಂಪರೆಯಿದೆ. 14ನೇ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತಾ ಅಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳನ್ನು ಕಂಡುದಾಗಿ ದಾಖಲಿಸಿದನು. 1919ರಲ್ಲಿ ಭಟ್ಕಳದ ಹಿರಿಯರು ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಸ್ಥಾಪಿಸಿದರು. ವಿದ್ಯೆಯ ವೆಚ್ಚವು ಒಂದು ಮನೆಯ ಹೊರೆಯಷ್ಟೇ ಅಲ್ಲ, ಇಡೀ ಜಮಾಅತಿನ ಹೊಣೆ ಎಂಬುದನ್ನು ಅವರು ಅರಿತಿದ್ದರು.

ಇಂದು ನಾವೇನು ಮಾಡುತ್ತಿದ್ದೇವೆ? ಅಲ್ಪಸಂಖ್ಯಾತ ವಿದ್ಯಾರ್ಥಿಗಳ ವಿದೇಶ ವ್ಯಾಸಂಗದ ಸಾಲಕ್ಕೆ ಬಡ್ಡಿ ಸಹಾಯಧನ ನೀಡುತ್ತಿದ್ದ ಕೇಂದ್ರದ ‘ಪಢೋ ಪರದೇಶ್’ ಯೋಜನೆಯು 2022–23ರಿಂದ ನಿಂತುಹೋಯಿತು. ಜರ್ಮನಿಯ ಬಹುತೇಕ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಆದರೂ ಒಂದು ವರ್ಷದ ಜೀವನವೆಚ್ಚವನ್ನು ಮೊದಲೇ ಖಾತೆಯಲ್ಲಿ ತೋರಿಸದೆ ವೀಸಾ ದೊರೆಯುವುದು ಕಷ್ಟ. 2024ರ ಸೆಪ್ಟೆಂಬರಿನಲ್ಲಿ ಆ ಮೊತ್ತವು 11,904 ಯೂರೋ ಎಂದು ನಿಗದಿಯಾಯಿತು. ಬುತ್ತಿಯಿಲ್ಲದ ಪಯಣಿಗನಿಗೆ ಅಲ್ಲಿ ಬಾಗಿಲು ತೆರೆಯದು.

ಹೀಗಿದ್ದೂ ಎರಡು ದಿನಗಳ ಮದುವೆಗೆ ಹತ್ತು ವರ್ಷಗಳ ದುಡಿಮೆಯನ್ನು ಸುರಿಯುವ ಮನೆಗಳಲ್ಲಿ, ಮಕ್ಕಳ ಓದಿನ ಮಾತು ಬಂದಾಗ ಮಾತ್ರ ತವಕ್ಕುಲ್ ನೆನಪಾಗುತ್ತದೆ. ಕೊನೆಗೆ ಅದೇ ಮಗು ಬಡ್ಡಿಯ ಸಾಲದ ಬಾಗಿಲಲ್ಲಿ ನಿಲ್ಲುತ್ತದೆ. ಈ ತಪ್ಪಿನಲ್ಲಿ ನಮ್ಮಂಥ ಬೋಧಕರಿಗೂ ಪಾಲಿದೆ. ಜ್ಞಾನದ ಮಹಿಮೆಯನ್ನು ಹೊಗಳಿದ ನಾವು ಅದರ ಖರ್ಚಿನ ಬಗ್ಗೆ ಮೌನವಾಗಿದ್ದೆವು. ಮಗು ಮದ್ರಸಾ ಮೆಟ್ಟಿಲೇರಿದ ದಿನವೇ ತಿಂಗಳಿಗಿಷ್ಟೆಂದು ತೆಗೆದಿಡುವ ಮನೆ, ಬಡ್ಡಿರಹಿತ ಸಾಲ ನೀಡುವ ಬೈತುಲ್‌ಮಾಲ್ ಇರುವ ಮೊಹಲ್ಲಾ, ಇವೆರಡೂ ನಮ್ಮ ಕೈಯಳತೆಯಲ್ಲಿವೆ.

ಆ ತರುಣನಿಗೆ ನಾವು ಅಂದು ಹೇಳಿದ್ದು ಇಷ್ಟೇ: “ಮಗನೇ, ನೀನು ಉಳಿಸುತ್ತಿರುವ ಪ್ರತಿಯೊಂದು ರೂಪಾಯಿಯೂ ಆ ಯಾತ್ರೆಯ ಒಂದು ಹೆಜ್ಜೆ. ಕೂಡಿಡುವಾಗಲೂ ಅಲ್ಲಾಹನ ಮೇಲೆಯೇ ಭರವಸೆಯಿಡು. ಹೋದ ಮೇಲೆ, ಆ ತಾಯಿ ಹೇಳಿದಂತೆ, ನಿನ್ನ ನಡತೆಯನ್ನು ನೋಡಿಕೋ.”

ಅಲ್ಲಾಹನು ನಮ್ಮ ಮಕ್ಕಳ ದಾರಿಯನ್ನು ಸುಗಮಗೊಳಿಸಲಿ, ಅವರಿಗೆ ಹಲಾಲ್ ಬುತ್ತಿಯನ್ನೂ ಉಪಯುಕ್ತ ಜ್ಞಾನವನ್ನೂ ಕರುಣಿಸಲಿ. ಆಮೀನ್.