ವರ್ತಕರ ಕಡತವೂ ಯು.ಪಿ.ಐ. ಲೆಕ್ಕವೂ

ಪೂರ್ವದಲ್ಲಿ ಕನ್ನಡನಾಡಿನ ವರ್ತಕರು ಲೆಕ್ಕವನ್ನು ಕಡತದಲ್ಲಿಡುತ್ತಿದ್ದರು. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲಿನ ಪುಡಿಯನ್ನೂ ಬಳಿದು ಒಣಗಿಸಿ, ಮಡಿಸಿ, ಬಳಪದಿಂದ ಬರೆಯುವುದು ಕ್ರಮ. ಬರೆದುದನ್ನು ಅಳಿಸಿ ಮತ್ತೆ ಬರೆಯಬಹುದಾಗಿದ್ದಿತು. ಕಡತವು ವರ್ತಕನ ವಶದಲ್ಲಿಯೇ ಇರುತ್ತಿದ್ದಿತು.

ಮೊಬೈಲಿನಿಂದ ಹಣ ಸಲ್ಲಿಸುವ ಯು.ಪಿ.ಐ. ಪದ್ಧತಿಯು 2016ರಲ್ಲಿ ಪ್ರಾರಂಭವಾಯಿತು. ಅದೇ ವರ್ಷದ ನವೆಂಬರ್ 8ರಂದು 500, 1000 ರೂಪಾಯಿಗಳ ನೋಟುಗಳು ರದ್ದಾಗಿ ನಗದಿಗೆ ಅಭಾವವುಂಟಾಗಲು, ಸಣ್ಣ ಅಂಗಡಿಕಾರರೂ ಕ್ರಮೇಣ ಕ್ಯೂಆರ್ ಫಲಕವನ್ನಿಟ್ಟರು. ಈ ಲೆಕ್ಕವಾದರೋ ವರ್ತಕನಿಂದ ಅಳಿಸಲಾಗದುದು, ಪರರ ವಶದಲ್ಲಿರುವುದು. 2025ರ ಜುಲೈಯಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯು ಇದನ್ನೇ ಆಧಾರವಾಗಿಟ್ಟುಕೊಂಡು ಸಣ್ಣ ವರ್ತಕರಿಗೆ ನೋಟೀಸುಗಳನ್ನು ಕಳುಹಿಸಲು, ಬೆಂಗಳೂರಿನ ಕೆಲವು ಅಂಗಡಿಗಳಲ್ಲಿ ಫಲಕವು ಮರೆಯಾಯಿತು. ಹೊಸ ಸಾಧನವನ್ನು ಅನಾಯಾಸವಾಗಿ ಸ್ವೀಕರಿಸಿದ ವರ್ತಕನು, ಲೆಕ್ಕವು ತನ್ನ ಕೈತಪ್ಪಿತೆಂದು ಅರಿತೊಡನೆ ಅಂಜಿದನೆಂದು ಇದರಿಂದ ಊಹಿಸಬಹುದಾಗಿದೆ.