ಮನೆಯೇ ಕಚೇರಿಯಾದಾಗ



ದೂರದರ್ಶನಕ್ಕೆ ಕಾರ್ಯಕ್ರಮ ತಯಾರಿಸುವ ನಮಗೆ ದೃಶ್ಯದಷ್ಟೇ ಹಿನ್ನೆಲೆಯ ಸದ್ದೂ ಮುಖ್ಯ. ಹಳೆಯ ಕಾಲದ ಕಚೇರಿಯೊಂದನ್ನು ತೋರಿಸಬೇಕೆನ್ನಿ. ಸ್ಟುಡಿಯೋದಲ್ಲಿ ಒಂದು ಮೇಜು, ಎರಡು ಕುರ್ಚಿ ಹಾಕಿ, ಹಿಂದಿನಿಂದ ಟೈಪ್‌ರೈಟರಿನ ಟಕಟಕ ಸದ್ದು ಕೇಳಿಸಿದರೆ ಸಾಕು, ನೋಡುವವರ ಮನಸ್ಸಿನಲ್ಲಿ ಇಡೀ ಕಚೇರಿ ಮೂಡಿಬಿಡುತ್ತದೆ. ಇದೇ ಉಪಾಯವನ್ನು 1960ರ ದಶಕದಲ್ಲಿ ಇಂಗ್ಲೆಂಡಿನ ಮಹಿಳೆಯೊಬ್ಬರು ತಮ್ಮ ಮನೆಯಲ್ಲಿ ಬಳಸಿದರು. ಏಕೆ ಬಳಸಿದರು ಎಂಬುದೇ ಇಂದಿನ ನಮ್ಮ ಮಾತಿನ ವಿಷಯ.

ಅದಕ್ಕೂ ಮೊದಲು ನಿಮಗೊಂದು ಪ್ರಶ್ನೆ. ಮನೆಯಲ್ಲೇ ಕುಳಿತು ಕೆಲಸ ಮಾಡುವ ಪದ್ಧತಿ ಎಂದು ಶುರುವಾಯಿತು? 2020ರ ಮಾರ್ಚ್‌ನಲ್ಲಿ, ಕೊರೋನಾ ಲಾಕ್‌ಡೌನ್ ಆದಾಗ ಎಂದು ನಿಮ್ಮಲ್ಲಿ ಅನೇಕರು ಹೇಳಬಹುದು. ಹಾಗಾದರೆ ಇಳಕಲ್ಲಿನ ನೇಕಾರರ ಮನೆಗಳನ್ನು ನೆನಪಿಸಿಕೊಳ್ಳಿ. ನೆಲದಲ್ಲಿ ಗುಂಡಿ ತೋಡಿ ಹೂಡಿದ ಮಗ್ಗ ಮನೆಯೊಳಗೇ ಇರುತ್ತದೆ. ಒಬ್ಬರು ಸೀರೆ ನೇಯುತ್ತಿದ್ದರೆ ಇನ್ನೊಬ್ಬರು ಕಂಡಿಕೆ ಸುತ್ತುತ್ತಾರೆ. ಪಕ್ಕದಲ್ಲೇ ಒಲೆ, ಪಕ್ಕದಲ್ಲೇ ತೊಟ್ಟಿಲು. ಕುಂಬಾರ, ಕಮ್ಮಾರ, ಬಡಗಿ ಇವರೆಲ್ಲರ ಕಥೆಯೂ ಬಹುಮಟ್ಟಿಗೆ ಇದೇ. ಮನುಷ್ಯನ ಇತಿಹಾಸದ ಬಹುಭಾಗದಲ್ಲಿ ಮನೆ ಮತ್ತು ಕೆಲಸದ ಜಾಗ ಎರಡೂ ಒಂದೇ ಆಗಿದ್ದವು.

ಇವೆರಡನ್ನು ಬೇರ್ಪಡಿಸಿದ್ದು ಕಾರ್ಖಾನೆ. 1771ರಲ್ಲಿ ರಿಚರ್ಡ್ ಆರ್ಕ್‌ರೈಟ್ ಇಂಗ್ಲೆಂಡಿನ ಕ್ರಾಮ್‌ಫರ್ಡ್ ಎಂಬಲ್ಲಿ ನೀರಿನ ಬಲದಿಂದ ನಡೆಯುವ ನೂಲಿನ ಗಿರಣಿಯನ್ನು ಆರಂಭಿಸಿದ. ರಾಟೆಯನ್ನು ಮನೆಯ ಮೂಲೆಯಲ್ಲಿಡಬಹುದು. ನೀರಿನ ಚಕ್ರಕ್ಕೆ ಜೋಡಿಸಿದ ಯಂತ್ರವನ್ನು ಇಡಲಾಗದು. ಶಕ್ತಿ ಎಲ್ಲಿ ಉತ್ಪತ್ತಿಯಾಗುತ್ತದೆಯೋ ಅಲ್ಲಿಗೆ ಜನರೇ ಹೋಗಬೇಕಾಯಿತು. ಕೆಲಸಕ್ಕೆ ಗಂಟೆಯ ಲೆಕ್ಕ ಬಂತು. ಗಂಟೆಗೆ ಕೂಲಿ ಸಿಕ್ಕಿದ್ದು 'ಕೆಲಸ' ಎನಿಸಿಕೊಂಡಿತು. ಅಡುಗೆ, ಮಗುವಿನ ಆರೈಕೆ, ರೋಗಿಯ ಶುಶ್ರೂಷೆ ಲೆಕ್ಕದ ಹೊರಗೆ ಉಳಿದವು.

ಈಗ ನಮ್ಮ ಕಥಾನಾಯಕಿಯ ಬಳಿಗೆ ಬರೋಣ. ಆಕೆಯ ಹೆಸರು ಸ್ಟೆಫನಿ ಶರ್ಲಿ. ಹುಟ್ಟಿದ್ದು 1933ರಲ್ಲಿ, ಜರ್ಮನಿಯಲ್ಲಿ. ನಾಜಿಗಳ ಹಿಂಸೆಯಿಂದ ಪಾರು ಮಾಡಲು ಸಾವಿರಾರು ಮಕ್ಕಳನ್ನು ರೈಲಿನಲ್ಲಿ ಬ್ರಿಟನ್ನಿಗೆ ಸಾಗಿಸಲಾಯಿತಷ್ಟೆ. 1939ರಲ್ಲಿ ಐದು ವರ್ಷದ ಈ ಬಾಲಕಿಯೂ ಅಕ್ಕನೊಂದಿಗೆ ಹಾಗೆ ಬಂದಿಳಿದಳು. ಮುಂದೆ ಲಂಡನ್ನಿನಲ್ಲಿ ಅಂಚೆ ಇಲಾಖೆಯ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡುತ್ತಲೇ ಸಂಜೆ ತರಗತಿಗಳಲ್ಲಿ ಓದಿ ಗಣಿತದ ಪದವಿ ಪಡೆದರು. ಆಗಿನ ಕಂಪ್ಯೂಟರ್ ಉದ್ಯಮದಲ್ಲಿ ಮದುವೆಯಾದ ಅಥವಾ ತಾಯಿಯಾಗಲಿದ್ದ ಅನೇಕ ಹೆಣ್ಣುಮಕ್ಕಳು ಕೆಲಸ ಬಿಡುತ್ತಿದ್ದರು. ಕಲಿತ ವಿದ್ಯೆ ಮನೆಯಲ್ಲಿ ಮೂಲೆ ಸೇರುತ್ತಿತ್ತು.

1962ರಲ್ಲಿ ಶರ್ಲಿಯವರು ಆರು ಪೌಂಡ್ ಬಂಡವಾಳ ಹಾಕಿ, ಮನೆಯ ಊಟದ ಮೇಜಿನ ಮೇಲೆ 'ಫ್ರೀಲಾನ್ಸ್ ಪ್ರೋಗ್ರಾಮರ್ಸ್' ಎಂಬ ಸಂಸ್ಥೆಯನ್ನು ಆರಂಭಿಸಿದರು. ಹೀಗೆ ಕೆಲಸ ಬಿಟ್ಟ ಹೆಣ್ಣುಮಕ್ಕಳನ್ನೇ ಹುಡುಕಿ ಸೇರಿಸಿಕೊಂಡರು. ಅವರ ಮನೆಯಲ್ಲಿ ಕಂಪ್ಯೂಟರ್ ಎಲ್ಲಿತ್ತು ಎಂದು ನೀವು ಕೇಳಬಹುದು. ಇರಲಿಲ್ಲ! ಆಗ ಒಂದು ಕಂಪ್ಯೂಟರ್ ಇಡಲು ದೊಡ್ಡ ಕೋಣೆಯೇ ಬೇಕಿತ್ತು. ಈ ಹೆಂಗಸರು ಪೆನ್ಸಿಲ್ ಹಿಡಿದು ಕಾಗದದ ಮೇಲೆ ಪ್ರೋಗ್ರಾಂ ಬರೆಯುತ್ತಿದ್ದರು. ಅದು ಅಂಚೆಯಲ್ಲಿ ಕಂಪ್ಯೂಟರ್ ಕೇಂದ್ರಕ್ಕೆ ಹೋಗಿ, ಅಲ್ಲಿ ಕಾರ್ಡ್ ಅಥವಾ ಕಾಗದದ ಪಟ್ಟಿಯ ಮೇಲೆ ರಂಧ್ರಗಳಾಗಿ ಮೂಡುತ್ತಿತ್ತು. ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಕಾಂಕಾರ್ಡ್ ವಿಮಾನದ 'ಕಪ್ಪು ಪೆಟ್ಟಿಗೆ'ಯ ಪ್ರೋಗ್ರಾಂ ಸಿದ್ಧವಾದದ್ದು ಹೀಗೆ, ಗೃಹಿಣಿಯರ ಮನೆಗಳಲ್ಲಿ.

ಆದರೆ ಈ ಸಂಗತಿಯನ್ನು ಗಿರಾಕಿಗಳಿಂದ ಮುಚ್ಚಿಡಬೇಕಾಗಿತ್ತು. ಸ್ಟೆಫನಿ ಎಂದು ಸಹಿ ಮಾಡಿದ ಪತ್ರಗಳಿಗೆ ಉತ್ತರ ಬರಲಿಲ್ಲ. ಪತಿಯ ಸಲಹೆಯಂತೆ 'ಸ್ಟೀವ್' ಎಂದು ಗಂಡು ಹೆಸರಿನಲ್ಲಿ ಬರೆಯತೊಡಗಿದ ಮೇಲೆ ಬಂತು! ಕೆಲಸಕ್ಕೆ ಗಂಟೆಯ ಲೆಕ್ಕ ಬಿಟ್ಟು ಮೊದಲೇ ನಿಗದಿಯಾದ ಬೆಲೆ ಹೇಳತೊಡಗಿದರು. ಯಾರು ಯಾವ ಹೊತ್ತಿನಲ್ಲಿ ಕುಳಿತು ಬರೆದರು ಎಂಬ ಪ್ರಶ್ನೆಯೇ ಏಳದಂತಾಯಿತು. ಇನ್ನು ದೂರವಾಣಿ ಕರೆ ಬಂದಾಗ ಮನೆಯ ಸದ್ದು, ಮಗುವಿನ ದನಿ ಕೇಳಿಸಬಾರದಲ್ಲ? ಅದಕ್ಕೆಂದೇ ಟೈಪ್‌ರೈಟರಿನ ಸದ್ದನ್ನು ಟೇಪಿನಲ್ಲಿ ಮುದ್ರಿಸಿಟ್ಟುಕೊಂಡು, ಕರೆ ಬಂದಾಗ ಹಾಕುತ್ತಿದ್ದರು. ತಾಯಿಯೊಬ್ಬಳು ತಾನು ತಾಯಿ ಎಂಬುದನ್ನು ಅಡಗಿಸಿದರೆ ಮಾತ್ರ ಅವಳ ವಿದ್ಯೆಗೆ ಬೆಲೆ ಸಿಗುವ ಕಾಲ ಅದು.

ಸಂಸ್ಥೆ ಬೆಳೆಯಿತು. ಮೊದಲ 300 ಮಂದಿ ಸಿಬ್ಬಂದಿಯಲ್ಲಿ 297 ಮಂದಿ ಮಹಿಳೆಯರೇ. 1975ರಲ್ಲಿ ಲಿಂಗಭೇದವನ್ನು ನಿಷೇಧಿಸುವ ಕಾನೂನು ಬ್ರಿಟನ್ನಿನಲ್ಲಿ ಜಾರಿಯಾದಾಗ, ಗಂಡಸರಿಗೂ ಸಮಾನ ಅವಕಾಶ ಕೊಡಬೇಕಾಗಿ ಬಂದದ್ದು ಒಂದು ತಮಾಷೆ. ಮುಂದೆ ಶರ್ಲಿಯವರು ಸಂಸ್ಥೆಯ ಕಾಲು ಭಾಗವನ್ನು ಸಿಬ್ಬಂದಿಯ ಕೈಗೇ ಕೊಟ್ಟರು.

ಆದರೆ ಮನೆಯಲ್ಲೇ ಕೆಲಸವಿದ್ದರೆ ಎಲ್ಲವೂ ಸುಲಭ ಎಂದು ತಿಳಿಯಬೇಡಿ. 1963ರಲ್ಲಿ ಹುಟ್ಟಿದ ಅವರ ಒಬ್ಬನೇ ಮಗ ಗೈಲ್ಸ್‌ಗೆ ತೀವ್ರವಾದ ಆಟಿಸಂ ಇತ್ತು. ಕಲಿತಿದ್ದ ಮಾತೂ ಎಳವೆಯಲ್ಲೇ ನಿಂತುಹೋಯಿತು. ಅವನ ಆರೈಕೆ ಮತ್ತು ಸಂಸ್ಥೆಯ ಹೊಣೆ ಎರಡನ್ನೂ ಹೊತ್ತು ಶರ್ಲಿಯವರು ಒಂದು ಹಂತದಲ್ಲಿ ತಾವೇ ಕುಸಿದುಹೋದರು. ಕೆಲಸದ ವೇಳೆಯನ್ನು ಹಿಂದುಮುಂದು ಮಾಡಿಕೊಳ್ಳಬಹುದು. ಆದರೆ ದಿನಕ್ಕೆ ಇರುವುದು 24 ಗಂಟೆ ಮಾತ್ರ. ಹೊರೆ ಹಂಚಿಕೊಳ್ಳುವ ಕೈಗಳು ಬೇಕು. ಆಟಿಸಂ ಇರುವವರಿಗಾಗಿ ವಸತಿ, ಶಾಲೆ, ಸಂಶೋಧನೆ ಎಂದು ತಮ್ಮ ಸಂಪತ್ತಿನ ಬಹುಭಾಗವನ್ನು ದಾನ ಮಾಡಿದ ಅವರು 2025ರ ಆಗಸ್ಟ್‌ನಲ್ಲಿ, 91ನೆಯ ವಯಸ್ಸಿನಲ್ಲಿ ನಿಧನರಾದರು.

ಇತ್ತ ನಮ್ಮ ದಕ್ಷಿಣ ಕನ್ನಡದ ಎಷ್ಟೋ ಮನೆಗಳಲ್ಲಿ ಹೆಂಗಸರು ಎಲೆ, ಹೊಗೆಸೊಪ್ಪು ತಂದು ಬೀಡಿ ಕಟ್ಟಿ ಬ್ರಾಂಚಿಗೆ ಕೊಟ್ಟು, ಆ ದುಡ್ಡಿನಲ್ಲಿ ಮಕ್ಕಳನ್ನು ಓದಿಸಿದ್ದಾರೆ. ಮನೆಯಲ್ಲಿ ಕುಳಿತು ಬೀಡಿ ಕಟ್ಟುವವರೂ ಕಾರ್ಮಿಕರೇ ಎಂದು ನಮ್ಮ ದೇಶದ ಕಾನೂನು 1966ರಲ್ಲಿ ಒಪ್ಪಿಕೊಂಡಿತು. ಮನೆಮಂದಿ ಒಪ್ಪಿಕೊಂಡದ್ದು ಯಾವಾಗ? ಈ ಪ್ರಶ್ನೆಗೆ ಉತ್ತರ ಪಠ್ಯಪುಸ್ತಕದಲ್ಲಿ ಸಿಗುವುದಿಲ್ಲ.

2020ರಲ್ಲಿ ಬೆಂಗಳೂರಿನ ಸಾವಿರಾರು ಮನೆಗಳ ಊಟದ ಮೇಜು ಕಚೇರಿಯಾಯಿತು. ಪರದೆಯ ಮೇಲೆ ಸಭೆ ನಡೆಯುತ್ತಿದ್ದಾಗ ಕುಕ್ಕರಿನ ಸೀಟಿ, ಮಗುವಿನ ಅಳು ಎಲ್ಲರಿಗೂ ಕೇಳಿಸಿತು. ಶರ್ಲಿಯವರು ಟೇಪು ಹಾಕಿ ಅಡಗಿಸಿದ್ದ ಸದ್ದು ಅದು. ಅದನ್ನು ಕೇಳಿ ಮುಜುಗರಪಟ್ಟವರೂ ಇದ್ದರು, ನಕ್ಕು ಮಾತು ಮುಂದುವರಿಸಿದವರೂ ಇದ್ದರು. ಅಷ್ಟರಮಟ್ಟಿಗೆ ಕಾಲ ಬದಲಾಗಿದೆ ಎನ್ನೋಣ.

ನಿಮಗೊಂದು ಚಿಕ್ಕ ಕೆಲಸ. ಈ ಭಾನುವಾರ ಒಂದು ಹಾಳೆಯಲ್ಲಿ ನಿಮ್ಮ ಮನೆಯ ಪ್ರತಿಯೊಬ್ಬರೂ ಬೆಳಗಿನಿಂದ ರಾತ್ರಿಯವರೆಗೆ ಮಾಡಿದ ದುಡಿಮೆಯನ್ನು ಗಂಟೆ ಸಹಿತ ಬರೆಯಿರಿ. ಸಂಬಳ ಬರುವ ಕೆಲಸ, ಬಾರದ ಕೆಲಸ ಎರಡನ್ನೂ ಬರೆಯಿರಿ. ನಿಮ್ಮ ಹೆಸರಿನ ಮುಂದೆ ಎಷ್ಟು ಗಂಟೆ ಬಂತು ಎಂಬುದನ್ನು ಮಾತ್ರ ಮರೆಯದೆ ಕೂಡಿಸಿ.