ಕೆಳಗಿನಿಂದ ಮೇಲಕ್ಕೆ

ಹೋದ ತಿಂಗಳು ಶಿಗ್ಗಾಂವಿಯಿಂದ ಅಕ್ಕನ ಮಗ ಬಂದಿದ್ದ. ಅವನಿಗೆ ಮೊಬೈಲ್ ಗೇಮ್ ಮಾಡೋ ಹುಚ್ಚು. ಹಾನಗಲ್ಲಿನ ತಾರಕೇಶ್ವರ ಗುಡಿಗೆ ಕರಕೊಂಡು ಹೋಗಿ ಒಂದು ವೀರಗಲ್ಲು ತೋರಿಸಿದೆ. ಮೇಲಿನಿಂದ ನೋಡ್ತಾ ಬಂದವನು, "ಮಾಮಾ, ಇವ ಮೊದಲ ಸ್ವರ್ಗಕ್ಕ ಹೋಗಿ ಆಮ್ಯಾಲೆ ಯುದ್ಧ ಮಾಡಾಕ ಬಂದಾನೇನು?" ಅಂದ.

ನಗು ಬಂತು, ಸಂಕಟವೂ ಆಯಿತು. ವೀರಗಲ್ಲನ್ನು ಓದೋದು ಕೆಳಗಿನಿಂದ ಮೇಲಕ್ಕೆ. ಕೆಳಗಿನ ಪಟ್ಟಿಯಲ್ಲಿ ಕಾಳಗ. ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುತ್ತಾರೆ. ಮೇಲೆ ಅವನು ಶಿವಲಿಂಗದೆದುರು ಕೂತಿರುತ್ತಾನೆ. ತುದಿಯಲ್ಲಿ ಸೂರ್ಯ, ಚಂದ್ರ. ಹಿರೇಕೆರೂರು ಸೀಮೆಯ ವೀರಗಲ್ಲುಗಳಿಗೂ ಇದೇ ಕ್ರಮ. 1196ರಲ್ಲಿ ಹೊಯ್ಸಳ ವೀರಬಲ್ಲಾಳ ಹಾನಗಲ್ಲಿಗೆ ಮುತ್ತಿಗೆ ಹಾಕಿದಾಗ ಕದಂಬರ ದಂಡನಾಯಕ ಸೋಹಣಿ ಹೋರಾಡಿ ಮಡಿದ ಸಂಗತಿ ನಮಗೆ ತಿಳಿದದ್ದೂ ಇಂಥ ಕಲ್ಲಿನಿಂದಲೇ.

ರಾತ್ರಿ ಅವನು ಲ್ಯಾಪ್‌ಟಾಪ್ ತೆಗೆದ. ಓಡುವ ಹುಡುಗನ ಹನ್ನೆರಡು ಫ್ರೇಮುಗಳನ್ನು ಒಂದೊಂದೇ ಪಿಎನ್‌ಜಿ ಚಿತ್ರವಾಗಿ ಎಕ್ಸ್‌ಪೋರ್ಟ್ ಮಾಡಿದ್ದ. ಗೇಮಿನಲ್ಲಿ ಹಾಕಿದರೆ ಹುಡುಗ ಓಡೋ ಬದಲು ತಡವರಿಸ್ತಿದ್ದ. ಫೈಲುಗಳಿಗೆ 1, 2, 3 ಅಂತ ಹೆಸರಿಟ್ಟಿದ್ದ. ಅವನ ಸಾಫ್ಟ್‌ವೇರ್ ಅವನ್ನು 1, 10, 11, 12, 2 ಅಂತ ಜೋಡಿಸಿತ್ತು. 001, 002 ಅಂತ ಬರೆದದ್ದೇ ತಡ, ಹುಡುಗ ಸರಿಯಾಗಿ ಓಡಿದ. ಆದರೂ ಕಾಲು ಜಿಗಿಯುತ್ತಿತ್ತು. ಅಂಚಿನ ಖಾಲಿ ಜಾಗ ಕತ್ತರಿಸಿದ್ದರಿಂದ ಒಂದೊಂದು ಚಿತ್ರದ ಅಳತೆ ಒಂದೊಂದು ಥರ ಆಗಿತ್ತು. ಎಲ್ಲಕ್ಕೂ ಒಂದೇ ಅಳತೆ ಕೊಟ್ಟಾಗ ಪಾದ ನೆಲಕ್ಕೆ ನಿಂತಿತು.

ಈ ಕೆಲಸಕ್ಕೂ ಇತಿಹಾಸ ಇದೆ. 1985ರಲ್ಲಿ ಅಮೆರಿಕದ ಜೋರ್ಡನ್ ಮೆಕ್ನರ್ ತನ್ನ ತಮ್ಮನನ್ನು ಓಡಿಸಿ, ಜಿಗಿಸಿ ವಿಡಿಯೊ ಮಾಡಿಕೊಂಡ. ಅದರ ಒಂದೊಂದು ಫ್ರೇಮನ್ನೂ ಬಿಡಿ ಚಿತ್ರವಾಗಿಸಿ ಆಪಲ್ 2 ಕಂಪ್ಯೂಟರಿಗೆ ಇಳಿಸಿದ. 1989ರಲ್ಲಿ ಬಂದ 'ಪ್ರಿನ್ಸ್ ಆಫ್ ಪರ್ಷಿಯಾ' ಗೇಮಿನ ರಾಜಕುಮಾರ ಮನುಷ್ಯನಂತೆ ಓಡೋದು ಅದಕ್ಕೇ.

ಫ್ರೇಮು ಬಿಡಿಯಾದಾಗ ಅದು ಬರೀ ನಿಂತ ಚಿತ್ರ. ಯಾವುದರ ಮುಂದೆ ಯಾವುದು ಅನ್ನೋದು ಕಳೆದರೆ ಓಟವೂ ಹೋಯಿತು, ಕಥೆಯೂ ಹೋಯಿತು. ಫೈಲಿಗೆ ನಂಬರ್ ಬರೆಯಬಹುದು. ಕಲ್ಲಿಗೆ ಆ ನಂಬರ್ ಇದ್ದದ್ದು ಊರವರ ನೆನಪಿನಲ್ಲಿ. ನಮ್ಮ ಮಕ್ಕಳಿಗೆ ಅದನ್ನು ನಾವೇ ಹೇಳಿಕೊಟ್ಟಿಲ್ಲ.

ಹೊರಡುವಾಗ ಅಳಿಯ ಅಂದ: "ಮಾಮಾ, ನನ್ನ ಗೇಮ್ ಕೆಳಗಿನ ಪಟ್ಟಿಯಿಂದ ಶುರು ಆಗತೈತಿ. ಗೆದ್ದರಷ್ಟ ಮ್ಯಾಲಕ್ಕ."